ಬಸುರಿ ಮಗಳೊಂದಿಗೆ ದೆಹಲಿಯಿಂದ ತಿಪಟೂರಿಗೆ

ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕೆಂಬುದು ನಮ್ಮ ಕಡೆ ಲಾಗಾಯ್ತಿನಿಂದ ಬಂದ ಪದ್ಧತಿ. ಹಿಂದೆ ಮಗಳನ್ನು ಕೊಟ್ಟ ಊರು ಹತ್ತಿಪ್ಪತ್ತು ಮೈಲಿ ದೂರದಲ್ಲಿದ್ದರೆ ಅದೇ ಹೆಚ್ಚು. ಕಮಾನು ಗಾಡಿ ಕಟ್ಟಿಸಿ, ಒಳಗೆ ಹುಲ್ಲು ಹರವಿ, ಮೇಲೆ ಜಮಖಾನ ಹಾಸಿ ಕರೆತರುತ್ತಿದ್ದರು. ಈಗ ನಮ್ಮ ಹೆಣ್ಣುಮಕ್ಕಳು ಪುಣೆ, ದೆಹಲಿ, ದುಬೈ ಎಂದು ದೂರದೂರದಲ್ಲಿ ಸಂಸಾರ ಹೂಡಿದ್ದಾರೆ. ಬಸುರಿಯನ್ನು ಎರಡು ರಾತ್ರಿ ರೈಲಿನಲ್ಲಿ ಕೂರಿಸಿಕೊಂಡು ಬರುವುದೋ, ವಿಮಾನ ಹತ್ತಿಸುವುದೋ ಎಂಬ ಯೋಚನೆ ಸಣ್ಣ ಊರಿನ ತಾಯಂದಿರಿಗೂ ಬಂದುಬಿಟ್ಟಿದೆ. 2025ರ ಜನವರಿಯಲ್ಲಿ ನನ್ನ ಮಗಳನ್ನು ನಾನು ದೆಹಲಿಯಿಂದ ತಿಪಟೂರಿಗೆ ಕರೆತಂದೆ. ಆಗ ಕೇಳಿ, ನೋಡಿ ತಿಳಿದುಕೊಂಡದ್ದನ್ನು ಬರೆದಿದ್ದೇನೆ. ಯಾರಿಗಾದರೂ ಉಪಯೋಗವಾದರೆ ಸಂತೋಷ.

ತಿಂಗಳಲ್ಲ, ವಾರ!

ನಾವು ಹೆಂಗಸರು ಬಸಿರನ್ನು ತಿಂಗಳಲ್ಲಿ ಎಣಿಸುತ್ತೇವೆ. ವಿಮಾನದವರು ಎಣಿಸುವುದು ವಾರದಲ್ಲಿ. ಕೊನೆಯ ಮುಟ್ಟಿನ ಮೊದಲ ದಿನದಿಂದ ಹಿಡಿದು 280 ದಿನ, ಅಂದರೆ 40 ವಾರಕ್ಕೆ ಹೆರಿಗೆ ಎಂಬುದು ಡಾಕ್ಟರರ ಲೆಕ್ಕ. ನಮ್ಮ ದೇಶದ ವಿಮಾನಗಳಲ್ಲಿ ಸಾಮಾನ್ಯವಾಗಿ 32 ವಾರದವರೆಗೆ ಆರೋಗ್ಯವಂತ ಬಸುರಿಯನ್ನು ಹೆಚ್ಚು ತಕರಾರಿಲ್ಲದೆ ಹತ್ತಿಸಿಕೊಳ್ಳುತ್ತಾರೆ. ಆಮೇಲೆ ‘ಈಕೆ ಪ್ರಯಾಣ ಮಾಡಬಹುದು’ ಎಂದು ಡಾಕ್ಟರು ಬರೆದುಕೊಟ್ಟ ಚೀಟಿ ಬೇಕು. 35-36 ವಾರ ದಾಟಿದರೆ ಹತ್ತಿಸುವುದೇ ಇಲ್ಲ. ಅವಳಿ ಮಕ್ಕಳಿದ್ದರೆ ಗಡುವು ಇನ್ನೂ ಮುಂಚೆ. ಕಂಪನಿಯಿಂದ ಕಂಪನಿಗೆ ಒಂದೆರಡು ವಾರದ ವ್ಯತ್ಯಾಸ ಇರುತ್ತದೆ, ನಿಯಮ ಬದಲಾಗುವುದೂ ಉಂಟು. ಆದ್ದರಿಂದ ಟಿಕೆಟ್ ಕೊಳ್ಳುವ ಮೊದಲೇ ಕೇಳಿಕೊಳ್ಳುವುದು ಜಾಣತನ.

ಲೆಕ್ಕಕ್ಕೆ ಒಂದು ಸುಲಭ ದಾರಿ ಹೇಳುತ್ತೇನೆ. ಡಾಕ್ಟರು ಕೊಟ್ಟ ಹೆರಿಗೆ ತಾರೀಖಿನಿಂದ ಕ್ಯಾಲೆಂಡರಿನಲ್ಲಿ ಹಿಂದಕ್ಕೆ 56 ದಿನ ಎಣಿಸಿ, ಅದು 32 ವಾರ ತುಂಬುವ ದಿನ. 28 ದಿನ ಹಿಂದಕ್ಕೆ ಎಣಿಸಿದರೆ 36 ವಾರ. ನನ್ನ ಮಗಳಿಗೆ ಕೊಟ್ಟಿದ್ದ ತಾರೀಖು ಮಾರ್ಚ್ 20. ಅಲ್ಲಿಂದ ಎಣಿಸಿದಾಗ 36 ವಾರ ತುಂಬುವುದು ಫೆಬ್ರವರಿ 20ಕ್ಕೆ, 32 ವಾರ ತುಂಬುವುದು ಜನವರಿ 23ಕ್ಕೆ ಎಂದು ಗೊತ್ತಾಯಿತು. ಕ್ಯಾಲೆಂಡರಿನಲ್ಲಿ ಎರಡಕ್ಕೂ ಕುಂಕುಮದ ಬೊಟ್ಟು ಇಟ್ಟೆ.

ಶಾಸ್ತ್ರಕ್ಕೂ ವಿಮಾನಕ್ಕೂ ಜಗ್ಗಾಟ

ತೊಡಕು ಶುರುವಾದದ್ದೇ ಅಲ್ಲಿ. ಏಳರಲ್ಲಿ ಕರೆತರೋಣವೆಂದರೆ ಆ ತಿಂಗಳು ಪೂರ್ತಿ ಎನ್ನುವಷ್ಟು ಧನುರ್ಮಾಸ. ಸಂಕ್ರಾಂತಿ ಕಳೆಯಲಿ ಎಂದರೆ ಎಂಟು ನಡೆಯುತ್ತದೆ. ಎಂಟರಲ್ಲಿ ಬಸುರಿ ಪ್ರಯಾಣ ಮಾಡಬಾರದು, ಹೊಳೆ ದಾಟಬಾರದು ಅನ್ನುತ್ತಾರೆ. ದೆಹಲಿಯಲ್ಲಿ ಮಗನ ಮನೆಯಲ್ಲೇ ಇದ್ದ ನಮ್ಮ ಬೀಗಿತ್ತಿಯವರಿಗೆ ಒಂಬತ್ತರಲ್ಲಿ ಅಲ್ಲೇ ಸೀಮಂತ ಮಾಡಿ ಕಳಿಸಬೇಕೆಂಬ ಆಸೆ. ಒಂಬತ್ತು ತೊಡಗುವುದು ಫೆಬ್ರವರಿ 13ಕ್ಕೆ. ವಿಮಾನದ ಬಾಗಿಲು ಮುಚ್ಚುವುದು ಹೆಚ್ಚೆಂದರೆ 20ಕ್ಕೆ. ನಡುವೆ ಇರುವ ಒಂದು ವಾರದಲ್ಲಿ ಸೀಮಂತವೂ ಆಗಬೇಕು, ಚೀಟಿಯೂ ಸಿಗಬೇಕು, ಮಗಳಿಗೆ ನೆಗಡಿಯೂ ಬರಬಾರದು!

ಮಗಳನ್ನು ನೋಡುತ್ತಿದ್ದ ಲೇಡಿ ಡಾಕ್ಟರು, “ಕೊನೇ ಗಳಿಗೆವರೆಗೂ ಎಳೀಬೇಡಿ, 32 ತುಂಬೋದರೊಳಗೆ ಹೊರಡಿ” ಎಂದರು. ಅವರು ಹೇಳಿದ ಕಾರಣ ನನಗೆ ಮನದಟ್ಟಾಯಿತು. ವಿಮಾನ ಹಾರಿದ್ದರಿಂದಲೇ ಹೆರಿಗೆ ನೋವು ಬರುವುದಿಲ್ಲ. ಆದರೆ ದಿನ ಹತ್ತಿರವಾದಂತೆ ನೋವು ಯಾವಾಗ ಬೇಕಾದರೂ ಬರಬಹುದು. ಆಕಾಶದಲ್ಲಿ ಬಂದರೆ ಆಸ್ಪತ್ರೆ ಎಲ್ಲಿ, ಸೂಲಗಿತ್ತಿ ಎಲ್ಲಿ? 2020ರ ಅಕ್ಟೋಬರ್ 7ರಂದು ದೆಹಲಿಯಿಂದ ಬೆಂಗಳೂರಿಗೆ ಬರುತ್ತಿದ್ದ ಇಂಡಿಗೋ ವಿಮಾನದಲ್ಲಿ ಒಬ್ಬ ತಾಯಿಗೆ ದಿನ ತುಂಬುವ ಮೊದಲೇ ಗಂಡು ಮಗು ಹುಟ್ಟಿತು. ಅದೃಷ್ಟಕ್ಕೆ ಪ್ರಯಾಣಿಕರಲ್ಲೇ ಒಬ್ಬರು ಹೆರಿಗೆ ಡಾಕ್ಟರು ಇದ್ದರು. ತಾಯಿ ಮಗು ಕ್ಷೇಮವಾಗಿ ಇಳಿದರು. ಎಲ್ಲರಿಗೂ ಅಂಥ ಅದೃಷ್ಟ ಇರುತ್ತದೆಯೇ?

ಇನ್ನು ನಮ್ಮ ಅತ್ತೆಯವರನ್ನು ಒಪ್ಪಿಸಬೇಕಿತ್ತು. ಅವರಿಗೆ ಎಂಬತ್ತರ ಹತ್ತಿರ ವಯಸ್ಸು. “ಎಂಟರಲ್ಲಿ ಹೊಳೆ ದಾಟಿಸ್ತೀಯೇನೇ?” ಎಂದರು. ದೆಹಲಿಯಿಂದ ಬರುವಾಗ ನರ್ಮದೆ, ಗೋದಾವರಿ, ಕೃಷ್ಣೆ ಎಲ್ಲವನ್ನೂ ದಾಟಲೇಬೇಕು. ನಾನು ಸುಮ್ಮನೆ, “ಅತ್ತೆ, ನಿಮ್ಮ ಕಾಲದಲ್ಲಿ ಯಾಕೆ ಬೇಡ ಅಂತಿದ್ರು?” ಎಂದು ಕೇಳಿದೆ. “ಗಾಡಿ ಕುಲುಕಾಟ. ಹೊಳೆ ತುಂಬಿದ್ರೆ ಆ ಕಡೆನೂ ಇಲ್ಲ, ಈ ಕಡೆನೂ ಇಲ್ಲ. ದಾರೀಲಿ ನೋವು ಬಂದ್ರೆ ಯಾರು ದಿಕ್ಕು?” ಎಂದರು. ಡಾಕ್ಟರು ಹೇಳಿದ್ದೂ ಅದನ್ನೇ ಅಲ್ಲವೇ! ಹಿರಿಯರ ಮಾತು, ವಿಮಾನದವರ ನಿಯಮ ಎರಡರ ಕಾಳಜಿಯೂ ಒಂದೇ. ನೆರವು ಸಿಗದ ಜಾಗದಲ್ಲಿ ಬಸುರಿ ಸಿಕ್ಕಿಹಾಕಿಕೊಳ್ಳಬಾರದು. ಇದನ್ನು ಬಿಡಿಸಿ ಹೇಳಿದ ಮೇಲೆ ಅತ್ತೆ ತಾವೇ ದಾರಿ ತೋರಿಸಿದರು: “ಕರೆತರೋದು ಬೇರೆ, ಸೀಮಂತ ಬೇರೆ. ಈಗ ಕರ್ಕೊಂಡು ಬಾ. ಒಂಬತ್ತಕ್ಕೆ ಬೀಗರೇ ಇಲ್ಲಿಗೆ ಬರಲಿ.” ಬೀಗಿತ್ತಿಯವರೂ ದೊಡ್ಡ ಮನಸ್ಸು ಮಾಡಿ ಒಪ್ಪಿದರು. ಜನವರಿ 20ಕ್ಕೆ ಟಿಕೆಟ್ ಆಯಿತು.

ಹೊರಡುವ ಮುನ್ನ

ನಾನು ಬೆಂಗಳೂರಿನಿಂದ ಕರ್ನಾಟಕ ಎಕ್ಸ್‌ಪ್ರೆಸ್ಸಿನಲ್ಲಿ ಎರಡು ರಾತ್ರಿ ಕಳೆದು ದೆಹಲಿ ಸೇರಿದೆ. ಜನವರಿಯ ದೆಹಲಿಯ ಮಂಜು ನೋಡಿಯೇ ನಂಬಬೇಕು. ಎದುರುಮನೆ ಕೂಡ ಕಾಣದು. ಬೆಳಗಿನ ವಿಮಾನಗಳು ಗಂಟೆಗಟ್ಟಲೆ ತಡವಾಗುತ್ತವೆ. ಅದಕ್ಕೇ ಅಳಿಯಂದಿರು ಮಧ್ಯಾಹ್ನದ ವಿಮಾನ ಹಿಡಿದಿದ್ದರು. ಚಳಿಗಾಲದಲ್ಲಿ ಉತ್ತರದಿಂದ ಬರುವವರು ಇದನ್ನು ಮರೆಯಬೇಡಿ.

ಹೊರಡುವ ಎರಡು ದಿನ ಮೊದಲು ಡಾಕ್ಟರು ರಕ್ತದೊತ್ತಡ, ರಕ್ತದ ಅಂಶ, ಸ್ಕ್ಯಾನಿಂಗ್ ಎಲ್ಲ ನೋಡಿದರು. ರಕ್ತಸ್ರಾವ ಆಗಿದ್ದರೆ, ಒತ್ತಡ ಏರಿದ್ದರೆ, ತೀರಾ ರಕ್ತಹೀನತೆ ಇದ್ದರೆ, ಮಾಸು ಗರ್ಭಕೋಶದ ಬಾಯಿಗೆ ಅಡ್ಡ ಕುಳಿತಿದ್ದರೆ, ಹಿಂದೆ ದಿನ ತುಂಬದೆ ಹೆತ್ತಿದ್ದರೆ ವಿಮಾನದ ಯೋಚನೆ ಮಾಡುವ ಮೊದಲು ಅವರ ಮಾತೇ ಕೊನೆ. 32 ತುಂಬದಿದ್ದರೂ ನಾವು ಚೀಟಿ ಬರೆಸಿಕೊಂಡೆವು. ಚೀಟಿಯಲ್ಲಿ ಎಷ್ಟು ವಾರ, ಒಂದು ಮಗುವೋ ಎರಡೋ, ಹೆರಿಗೆ ತಾರೀಖು, ಪ್ರಯಾಣಕ್ಕೆ ಅಡ್ಡಿಯಿಲ್ಲವೆಂಬ ಮಾತು, ಡಾಕ್ಟರ ರುಜು, ಮೊಹರು, ತಾರೀಖು ಇರಲಿ. ಮೂರು ದಿನದೊಳಗೆ ಬರೆದದ್ದೇ ಬೇಕು ಎನ್ನುವ ಕಂಪನಿಗಳೂ ಇವೆ. ಹೋಗಿ ಬರುವ ಪ್ರಯಾಣವಾದರೆ ಬರುವ ದಿನಕ್ಕೆ ಎಷ್ಟು ವಾರ ಎಂಬುದನ್ನೂ ಎಣಿಸಿ.

ಬೀಗಿತ್ತಿಯವರು ಹೊರಡುವ ಹಿಂದಿನ ದಿನ ಅಕ್ಕಿ, ಅರಿಶಿನ, ಬಳೆ, ಕೊಬ್ಬರಿ ಬಟ್ಟಲು ಇಟ್ಟು ಮಗಳ ಮಡಿಲು ತುಂಬಿದರು. ಆ ಕೊಬ್ಬರಿ ನಾನೇ ರೈಲಿನಲ್ಲಿ ಹೊತ್ತು ಒಯ್ದದ್ದು. ಪೆಟ್ಟಿಗೆ ಕಟ್ಟುವಾಗ ಅಳಿಯಂದಿರು, “ಅತ್ತೆ, ವಿಮಾನದಲ್ಲಿ ಒಣ ಕೊಬ್ಬರಿ ಬಿಡೋದಿಲ್ಲ” ಎಂದರು. ಎಣ್ಣೆಯಂಶ ಹೆಚ್ಚಾಗಿ ಬೇಗ ಬೆಂಕಿ ಹಿಡಿಯುವ ವಸ್ತು ಎಂದು ಅದು ನಿಷಿದ್ಧವಂತೆ. ತಿಪಟೂರಿನವಳಿಗೆ ಕೊಬ್ಬರಿ ಬಿಟ್ಟು ಬಾ ಎಂದರೆ ಹೇಗಾಗಬೇಡ! ಮಡಿಲಿನದಾದ್ದರಿಂದ ದೇವರ ಮುಂದಿಟ್ಟು, ಮಾರನೇ ದಿನ ಚಟ್ನಿಪುಡಿ ಮಾಡಿಕೊಳ್ಳಿ ಎಂದು ಬೀಗಿತ್ತಿಯವರಿಗೇ ಕೊಟ್ಟೆ.

ಊಟದ ವಿಷಯವನ್ನೂ ಹೇಳಬೇಕು. ಮಗಳ ಬಯಕೆಗೆಂದು ಸೊಗಡಿನ ಅವರೆಕಾಯಿ ಒಯ್ದಿದ್ದೆ. ಅದನ್ನು ಎರಡು ದಿನ ಮೊದಲೇ ಮಾಡಿ ಬಡಿಸಿ ಮುಗಿಸಿದೆ. ಮೇಲೆ ಹಾರಿದಂತೆ ಹೊಟ್ಟೆಯ ವಾಯು ಹಿಗ್ಗುತ್ತದೆ. ಅವರೆ, ಕಡಲೆ, ಹುರುಳಿ, ಎಲೆಕೋಸು, ಗ್ಯಾಸಿನ ಪಾನೀಯ ಹೊರಡುವ ದಿನ ಬೇಡ. ಇಡ್ಲಿ, ಮೊಸರನ್ನ, ಬಾಳೆಹಣ್ಣು ಹಿತ.

ವಿಮಾನ ನಿಲ್ದಾಣದಲ್ಲಿ

ದೆಹಲಿಯ ನಿಲ್ದಾಣ ನಮ್ಮ ತಿಪಟೂರಿನ ಸಂತೆ ಮೈದಾನವನ್ನು ನಾಲ್ಕು ಸಲ ಸುತ್ತಿದಷ್ಟು ನಡಿಗೆ. ಟಿಕೆಟ್ ಕೊಳ್ಳುವಾಗಲೇ ಗಾಲಿಕುರ್ಚಿ ಬೇಕೆಂದು ಹೇಳಿಸಿದ್ದೆವು. ಮಗಳು ಮೊದಲು ನಾಚಿಕೊಂಡಳು, ಆಮೇಲೆ ಹಾಯಾಗಿ ಕುಳಿತಳು. ಕೌಂಟರಿನ ಹುಡುಗಿ “ಎಷ್ಟಾಯಿತು?” ಎಂದಾಗ ಎಂಟು ಎಂದು ನಾನು ಬಾಯಿ ತೆರೆಯುವಷ್ಟರಲ್ಲಿ ಮಗಳು, “31 ವಾರ, 4 ದಿನ” ಎಂದು ಕಾಗದ ಮುಂದಿಟ್ಟಳು. ಮುಗಿಯಿತು, ಮರುಮಾತಿಲ್ಲ. ನೀವೂ ತಿಂಗಳು ಹೇಳಬೇಡಿ, ವಾರವನ್ನೇ ಹೇಳಿ.

ತಪಾಸಣೆಯ ಚೌಕಟ್ಟಿನೊಳಗೆ ಹಾದರೆ ಮಗುವಿಗೆ ಏನಾದರೂ ಆದೀತೇ ಎಂಬ ಭಯ ನನಗಿತ್ತು. ಎಕ್ಸ್‌ರೇ ಇರುವುದು ಚೀಲಗಳಿಗೆ. ಮನುಷ್ಯರು ಹಾಯುವುದು ಲೋಹ ಕಂಡುಹಿಡಿಯುವ ಚೌಕಟ್ಟು, ಅದರಿಂದ ಬಸುರಿಗೆ ತೊಂದರೆಯಿಲ್ಲ. ಆದರೂ ಮನಸ್ಸು ಒಪ್ಪದಿದ್ದರೆ ಮಹಿಳಾ ಸಿಬ್ಬಂದಿಗೆ ಹೇಳಿ, ಕೈಯಿಂದ ಪರೀಕ್ಷಿಸುತ್ತಾರೆ.

ಮೇಲೆ ಹಾರಿದಾಗ

ನಡುವಣ ಓಣಿಯ ಪಕ್ಕದ ಸೀಟನ್ನೇ ಕೇಳಿ ಪಡೆದಿದ್ದೆವು. ಶೌಚಕ್ಕೆ ಏಳಲು, ಕಾಲಾಡಿಸಲು ಅದೇ ಅನುಕೂಲ. ತುರ್ತು ಬಾಗಿಲಿನ ಸಾಲಿನಲ್ಲಿ ಬಸುರಿಯನ್ನು ಕೂರಿಸುವುದಿಲ್ಲ. ಬೆಲ್ಟನ್ನು ಹೊಟ್ಟೆಯ ಮೇಲೆ ಬಿಗಿಯಬಾರದು. ಹೊಟ್ಟೆಯ ಕೆಳಗೆ, ತೊಡೆಯ ಮೇಲೆ ಬರುವಂತೆ ಕಟ್ಟಬೇಕು. ಸಾಲದಿದ್ದರೆ ಗಗನಸಖಿಯರು ಜೋಡಿಸುವ ತುಂಡು ಬೆಲ್ಟು ಕೊಡುತ್ತಾರೆ.

ವಿಮಾನದೊಳಗಿನ ಗಾಳಿಯ ಒತ್ತಡ ಆರರಿಂದ ಎಂಟು ಸಾವಿರ ಅಡಿ ಎತ್ತರದ ಜಾಗದಲ್ಲಿ ಇರುವಂತಿರುತ್ತದೆ. ಅಂದರೆ ಮುಳ್ಳಯ್ಯನಗಿರಿ, ಊಟಿಯ ಮೇಲೆ ಕುಳಿತ ಹಾಗೆ. ಆರೋಗ್ಯವಾದ ತಾಯಿ ಮಗುವಿಗೆ ಅದು ಭಾರವಲ್ಲ. ಗಾಳಿ ಮಾತ್ರ ಬಹಳ ಒಣ, ಬಾಯಾರದಿದ್ದರೂ ಗುಟುಕು ಗುಟುಕಾಗಿ ನೀರು ಕುಡಿಯುತ್ತಿರಬೇಕು. ಬಸುರಿಯರಿಗೆ ಒಂದೇ ಕಡೆ ಕುಳಿತರೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಉಳಿದವರಿಗಿಂತ ಹೆಚ್ಚು. ನಮ್ಮದು ಎರಡೂಮುಕ್ಕಾಲು ಗಂಟೆಯ ಪ್ರಯಾಣ. ಎರಡು ಸಲ ಎಬ್ಬಿಸಿ ನಡೆಸಿದೆ, ಕುಳಿತಲ್ಲೇ ಪಾದ ತಿರುಗಿಸಿಸಿದೆ. ನಾಲ್ಕು ಗಂಟೆಗೆ ಮೇಲ್ಪಟ್ಟ ಪ್ರಯಾಣವಾದರೆ, ಕೊಲ್ಲಿ ಇಲ್ಲವೇ ಅಮೆರಿಕದಿಂದ ಬರುವವರು, ಕಾಲಿಗೆ ಬಿಗಿಯುವ ಉದ್ದ ಕಾಲುಚೀಲ ಬೇಕೇ ಎಂದು ಡಾಕ್ಟರನ್ನು ಕೇಳಿ.

ಇಳಿದ ಮೇಲೂ ದಾರಿಯಿದೆ

ಬೆಂಗಳೂರಿನ ಎರಡನೇ ಟರ್ಮಿನಲ್ಲಿನ ಬಿದಿರಿನ ಚಾವಣಿ, ತೂಗುಬಿಟ್ಟ ಗಿಡಬಳ್ಳಿ ನೋಡಿ ಯಾರದೋ ತೋಟಕ್ಕೆ ಬಂದ ಹಾಗಾಯಿತು. ಆದರೆ ಅಲ್ಲಿಂದ ತಿಪಟೂರಿಗೆ ಇನ್ನೂ ಸುಮಾರು 150 ಕಿಲೋಮೀಟರು. ನಿಜ ಹೇಳಬೇಕೆಂದರೆ ಆಕಾಶಕ್ಕಿಂತ ಈ ನೆಲದ ದಾರಿಯೇ ಮಗಳನ್ನು ದಣಿಸಿತು. ಹಂಪು ಬಂದಾಗೆಲ್ಲ ಅವಳು ಹೊಟ್ಟೆ ಹಿಡಿದುಕೊಳ್ಳುವಳು, ನಾನು ಡ್ರೈವರಿಗೆ “ನಿಧಾನ ಕಣಪ್ಪಾ” ಎನ್ನುವೆನು. ಅಂದೇ ಊರು ಮುಟ್ಟುವ ಆತುರ ಮಾಡದೆ ತುಮಕೂರಿನ ತಂಗಿಯ ಮನೆಯಲ್ಲಿ ರಾತ್ರಿ ಉಳಿದೆವು. ಬೆಳಗ್ಗೆ ಗುಬ್ಬಿ, ನಿಟ್ಟೂರು, ಕೆ.ಬಿ. ಕ್ರಾಸ್ ದಾಟಿ ಊಟದ ಹೊತ್ತಿಗೆ ಮನೆ. ವಿಮಾನದ ಟಿಕೆಟ್ ಬಗ್ಗೆ ಯೋಚಿಸಿದಷ್ಟೇ ಇಳಿದ ಮೇಲಿನ ದಾರಿಯ ಬಗ್ಗೆಯೂ ಯೋಚಿಸಿಡಿ. ಕಾರಿನಲ್ಲೂ ಬೆಲ್ಟು ಹೊಟ್ಟೆಯ ಕೆಳಗೇ ಇರಲಿ.

ಇಲ್ಲಿನ ಆಸ್ಪತ್ರೆಯಲ್ಲಿ ಮೊದಲೇ ಮಾತಾಡಿಟ್ಟಿದ್ದೆವು. ಬಂದ ವಾರವೇ ತಾಯಿ ಕಾರ್ಡು ಮಾಡಿಸಿದೆವು. ಫೆಬ್ರವರಿಯಲ್ಲಿ ಬೀಗರು ಬಂದು ಸೀಮಂತ ಸಾಂಗವಾಗಿ ನಡೆಯಿತು, ಮಡಿಲಿಗೆ ಈ ಸಲ ನಮ್ಮೂರ ಕೊಬ್ಬರಿಯೇ! ಮಾರ್ಚ್ 14ಕ್ಕೆ ಹೆಣ್ಣು ಮಗು. ಅತ್ತೆಯವರು ಮರಿಮೊಮ್ಮಗಳನ್ನು ತೊಡೆಯ ಮೇಲೆ ಹಾಕಿಕೊಂಡು ನೀರು ಹಾಕಿದರು.

ಕೈಚೀಲದಲ್ಲಿ ಇರಲೇಬೇಕಾದವು

ಡಾಕ್ಟರ ಚೀಟಿ ಮತ್ತು ಅದರ ನಕಲು, ಸ್ಕ್ಯಾನಿಂಗ್ ಮತ್ತು ರಕ್ತ ಪರೀಕ್ಷೆಯ ಕಾಗದ, ಗುರುತಿನ ಚೀಟಿ, ದಿನದ ಮಾತ್ರೆಗಳು, ಎರಡೂ ಊರಿನ ಡಾಕ್ಟರರ ಫೋನ್ ನಂಬರು, ಖಾಲಿ ನೀರಿನ ಬಾಟಲಿ (ತಪಾಸಣೆ ಆದ ಮೇಲೆ ತುಂಬಿಸಿಕೊಳ್ಳಿ), ಒಣ ತಿಂಡಿ, ಶಾಲು, ಬದಲಿ ಬಟ್ಟೆ. ಇವನ್ನು ದೊಡ್ಡ ಪೆಟ್ಟಿಗೆಗೆ ಹಾಕಿ ಒಪ್ಪಿಸಿಬಿಟ್ಟರೆ ಬೇಕಾದಾಗ ಕೈಗೆ ಸಿಗವು. ನಮ್ಮ ರಾಜ್ಯದೊಳಗೆ ದಾರಿಯಲ್ಲಿ ನೋವು ಕಾಣಿಸಿದರೆ 108ಕ್ಕೆ ಫೋನ್ ಮಾಡುವುದನ್ನು ಜೊತೆಯಲ್ಲಿರುವವರು ನೆನಪಿಟ್ಟುಕೊಳ್ಳಲಿ.