‘ಚೀಲ’ ಯಾವುದು ಅಂತ ಕಂಪ್ಯೂಟರ್ ಕೇಳಿದಾಗ: ಗೋವಿನಜೋಳದ ಲೆಕ್ಕದ ಟಿಪ್ಪಣಿ

ಈ ಸಲ ಹೊಲದ ಮಾತಿಗಿಂತ ಲೆಕ್ಕದ ಮಾತು ಜಾಸ್ತಿ ಐತಿ. ಕೂಡಿ ಮಾಲು ಕಳಿಸೋರಿಗೆ ಉಪಯೋಗ ಆಗತೈತಿ ಅಂತ, ಉದ್ದ ಆದರೂ ಬರೆಯಾಕತ್ತೀನಿ.

ಬಂಕಾಪುರ ಸುತ್ತಿನ ನಾವು ಆರು ಮನೆಯವರು ಗೋವಿನಜೋಳವನ್ನು ಒಂದೇ ಲಾರಿಗೆ ಹೇರಿ ಹಾವೇರಿಗೆ ಕಳಿಸುತ್ತೇವೆ. ಬಾಡಿಗೆ, ಹಮಾಲಿ ಕಳೆದು ಉಳಿದ ಹಣ ತೂಕದ ಮೇಲೆ ಹಂಚಿಕೆ. ಹೊಲದಾಗ ತೂಗಿದ ಪ್ರತಿ ಚೀಲದ ನಂಬರ್, ಯಾರದು ಅನ್ನೋ ಹೆಸರು, ತೂಕ ಮೂರನ್ನೂ ಮೊಬೈಲ್ ಶೀಟಿನಲ್ಲಿ ಬರೆಯುತ್ತೇವೆ. ಅದನ್ನು ಓದಿ ಮನೆಗೊಂದು ಚೀಟಿ ಮಾಡೋ ಸಣ್ಣ ಪ್ರೋಗ್ರಾಂ ಅನ್ನು ನಮ್ಮ ಅಣ್ಣನ ಮಗಳು ಪೈಥಾನ್ ಭಾಷೆಯಲ್ಲಿ ಬರೆದುಕೊಟ್ಟಾಳ. ಪೈಥಾನ್ 3ರಲ್ಲಿ ಹೆಸರುಗಳನ್ನು ಕನ್ನಡ ಅಕ್ಷರದಾಗೇ ಇಡಬಹುದು. ಹಂಗಾಗಿ ಅದರೊಳಗ ‘ರೈತ’, ‘ಚೀಲ’, ‘ಒಟ್ಟು’ ಅಂತ ನಮ್ಮ ಮಾತೇ ಅದಾವು.

ಪ್ರೋಗ್ರಾಂ ಮಾಡೋ ಕೆಲಸ ಇಷ್ಟು: ಒಬ್ಬೊಬ್ಬ ರೈತನನ್ನು ತಗೊಳ್ಳೋದು, ಅವನ ಹೆಸರಿನ ಚೀಲಗಳನ್ನು ಆರಿಸೋದು, ಒಂದೊಂದು ಚೀಲದ ತೂಕ ಕೂಡಿಸೋದು. ಈ ಸುತ್ತಿಗೆ ಲೂಪ್ ಅಂತಾರ. ಸುತ್ತು ಮುಗಿದ ಮೇಲೆ, ಕೊನೆಗೆ ಕೈಯಾಗ ಉಳಿದ ‘ಚೀಲ’ದ ನಂಬರ್ ಅನ್ನು ಚೀಟಿ ಮೇಲೆ ಹಾಕೋದು.

ಮೊನ್ನೆ ಲಾರಿ ಹೋದ ರಾತ್ರಿ ಚೀಟಿ ಬರಲಿಲ್ಲ. ಪರದೆ ಮೇಲೆ ಇಂಗ್ಲಿಷಿನ ನಾಲ್ಕಾರು ಸಾಲು ಬಂತು. ಪೈಥಾನ್ ಎರರ್ ಅನ್ನು ಕೆಳಗಿನಿಂದ ಓದಬೇಕು, ವಿಷಯ ಇರೋದು ಕೊನೇ ಸಾಲಿನಾಗ. ಅಲ್ಲಿ ‘ನೇಮ್ ಎರರ್’ ಅಂತ ಇತ್ತು: ‘ಚೀಲ’ ಅನ್ನೋ ಹೆಸರೇ ಗೊತ್ತಿಲ್ಲ ಅಂತ. ಅದರ ಮೇಲೆ ಸಾಲಿನ ನಂಬರ್. ಆ ಸಾಲಿಗೆ ಹೋಗಿ ನೋಡಿದರ ತಪ್ಪೇನೂ ಕಾಣಂಗಿಲ್ಲ. ಕೊನೇ ಚೀಲದ ನಂಬರ್ ಹಾಕೋ ಸಾಲು ಅದು. ಹಿಂದಿನ ಲಾರಿಗೆ ಇದೇ ಸಾಲು ಚಲೋ ನಡೆದಿತ್ತು.

ಕಂಪ್ಯೂಟರ್ ಗೊತ್ತಿದ್ದ ಹುಡುಗ ಒಬ್ಬ ಫೋನಿನಾಗ ಹೇಳಿದ: ‘ಕಾಕಾ, ಮೇಲೆ ಚೀಲ ಸಮ ಸೊನ್ನೆ ಅಂತ ಒಂದು ಸಾಲು ಬರೀರಿ, ಎರರ್ ಹೋಗತೈತಿ.’ ಅವನ ಮಾತು ಖರೆ, ಎರರ್ ಹೋಗತಿತ್ತು. ಆದರೆ ಅದನ್ನ ಮಾಡಲಿಲ್ಲ. ಯಾಕಂದ್ರ ‘ಚೀಲ’ ಅನ್ನೋ ಹೆಸರು ಹುಟ್ಟೋದೇ ಸುತ್ತಿನೊಳಗ. ಹೆಸರು ಹುಟ್ಟಿಲ್ಲ ಅಂದ್ರ ಸುತ್ತು ಒಂದು ಸಲಾನೂ ತಿರುಗಿಲ್ಲ. ಕೂರಿಗೆ ಹೊಲಕ್ಕ ಇಳಿದೇ ಇಲ್ಲ, ಕೊನೇ ಸಾಲು ಎಲ್ಲಿ ಬಿತ್ತು ಅಂತ ಕೇಳಿದರ ಏನು ಹೇಳಬೇಕು? ಖಾಲಿ ಪಟ್ಟಿ ಕೊಟ್ಟರೆ ಪೈಥಾನ್ ತಕರಾರು ಮಾಡಂಗಿಲ್ಲ, ಸುಮ್ಮನ ಸುತ್ತು ದಾಟಿ ಮುಂದಿನ ಸಾಲಿಗೆ ಹೋಗತೈತಿ. ಎಡವೋದು ಅಲ್ಲಿ.

ಹಂಗಾದ್ರ ಯಾರ ಪಟ್ಟಿ ಖಾಲಿ? ಸುತ್ತಿನ ಮುಂಚೆ ಒಂದು ಪ್ರಿಂಟ್ ಸಾಲು ಹಾಕಿ ಹೆಸರು ಮತ್ತು ಚೀಲದ ಎಣಿಕೆ ನೋಡಿದೆವು. ಪಟ್ಟಿಯ ಮೊದಲ ಹೆಸರೇ ಸೊನ್ನೆ. ಅದು ನಮ್ಮ ಓಣಿಯ ಹಿರಿಯ ಆಯಿಯವರದು. ಶೀಟಿನಾಗ ಅವರ 22 ಚೀಲ ಕಣ್ಣಿಗೆ ಕಾಣತಾವು, ಪ್ರೋಗ್ರಾಂಗೆ ಕಾಣವಲ್ಲವು. ಆಮೇಲೆ ಹೆಸರನ್ನು ‘ರೆಪ್ರ್’ ಹಾಕಿ ಪ್ರಿಂಟ್ ಮಾಡಿದೆವು. ಅದು ಹೆಸರಿನ ಎರಡೂ ಕಡೆ ಉದ್ಧರಣ ಚಿಹ್ನೆ ಹಾಕಿ ತೋರಿಸತೈತಿ. ಆಗ ಸಿಕ್ಕಿತು: ಆಯಿ ಹೆಸರಿನ ಮುಂದ ಒಂದು ಖಾಲಿ ಜಾಗ. ಈ ಸಲ ಅವರ ಚೀಲಗಳನ್ನು ಬೇರೆ ಫೋನಿನಾಗ ಬರೆದಿದ್ದರು. ಕೀಬೋರ್ಡ್ ತೋರಿಸಿದ ಪದ ಒತ್ತಿದರ ಅದು ತಾನೇ ಒಂದು ಸ್ಪೇಸ್ ಸೇರಿಸತೈತಿ. ನಮಗ ಎರಡೂ ಒಂದೇ ಹೆಸರು, ಕಂಪ್ಯೂಟರಿಗೆ ಎರಡು ಬೇರೆ ಮನುಷ್ಯರು. ಹೆಸರು ಓದುವಾಗ ‘ಸ್ಟ್ರಿಪ್’ ಅಂತ ಸೇರಿಸಿದರ ಅಕ್ಕಪಕ್ಕದ ಖಾಲಿ ಜಾಗ ಹೋಗತೈತಿ. ಅಷ್ಟೇ ರಿಪೇರಿ.

ಈಗ ಸೊನ್ನೆ ಹಾಕಿದ್ದರೆ ಏನಾಗತಿತ್ತು ಅಂತ ಲೆಕ್ಕ ಹಾಕ್ರಿ. ಲಾರಿಯಾಗ 143 ಚೀಲ, ಚೀಟಿಯಾಗ 121. ಆಯಿಯ 22 ಚೀಲ, ಚೀಲಕ್ಕ 50 ಕೆ.ಜಿ. ಹಿಡಿದರ 11 ಕ್ವಿಂಟಲ್. 2025-26ರ ಬೆಂಬಲ ಬೆಲೆ 2,400ರ ಲೆಕ್ಕದಾಗ 26,400 ರೂಪಾಯಿ. ಪೇಟೆ ದರ ಎಷ್ಟೇ ಇರಲಿ, ಒಂಟಿ ಹೆಣ್ಣುಮಗಳ ಮನಿಗೆ ಅದು ವರ್ಷದ ದುಡ್ಡು. ಅದು ಉಳಿದ ಐದು ಮನಿಗೆ ಹಂಚಿಹೋಗತಿತ್ತು, ನಮ್ಮ ಮನಿಗೂ ಸೇರಿ. ಹಂಚಿದ ಹಣ ಗೊಬ್ಬರಕ್ಕ, ಸಾಲಕ್ಕ ಹೋದ ಮೇಲೆ ವಾಪಸ್ ಕೇಳೋದು ಹೆಂಗ? ಎರರ್ ಹೋಗತಿತ್ತು, ಕೂಡಿದ ಆರು ಮನಿ ಒಡೀತಿದ್ವು.

ಇನ್ನೊಂದು ಮಾತು ಹೇಳಲೇಬೇಕು. ಈ ಸಲ ಹೆಸರುಗಳನ್ನು ಅಕಾರಾದಿಯಾಗಿ ಜೋಡಿಸಿದ್ದಕ್ಕೆ ಆಯಿ ಹೆಸರು ಮೊದಲು ಬಂತು. ಹಿಂದಿನ ಹಂಗ ನಾಲ್ಕನೇದಾಗಿದ್ದರ ಎರರೇ ಬರತಿರಲಿಲ್ಲ. ಪೈಥಾನಿನಾಗ ಸುತ್ತು ಮುಗಿದರೂ ‘ಚೀಲ’ ಅಳಿಯಂಗಿಲ್ಲ. ಮೂರನೇ ರೈತನ ಕೊನೇ ಚೀಲ ಹಂಗೇ ಉಳಿದು, ಆಯಿ ಚೀಟಿ ಮೇಲೆ ಅವನ ನಂಬರ್ ಬೀಳತಿತ್ತು, ತೂಕ ಸೊನ್ನೆ. ಪಕ್ಕದ ಹೊಲದ ಕೊನೇ ಸಾಲನ್ನು ಇವರ ಹೊಲದ್ದು ಅಂತ ತೋರಿಸಿದ ಹಂಗ. ಗೂಗಲ್ ಶೀಟಿನ ಸ್ಕ್ರಿಪ್ಟ್ ಬಳಸೋರಿಗೆ ಸ್ವಲ್ಪ ಬೇರೆ: ಅದು ಜಾವಾಸ್ಕ್ರಿಪ್ಟ್, ಅಲ್ಲಿ ‘ಲೆಟ್’ ಅಂತ ಬರೆದ ಹೆಸರು ಸುತ್ತಿನ ಹೊರಗ ಬದುಕಂಗಿಲ್ಲ. ಹಳೇದು ಉಳಿಯೋ ಬದಲು ಎರರ್ ಬರತೈತಿ. ನನ್ನ ಪ್ರಕಾರ ಅದು ಒಳ್ಳೇದು. ಗೊತ್ತಿಲ್ಲ ಅಂತ ನಿಂತುಬಿಡೋ ಲೆಕ್ಕಕ್ಕಿಂತ, ಗೊತ್ತೈತಿ ಅಂತ ತಪ್ಪು ಹೇಳೋ ಲೆಕ್ಕ ಕೆಟ್ಟದ್ದು.

ಈಗ ಪ್ರೋಗ್ರಾಂನಲ್ಲಿ ಮೂರು ಕಾವಲು ಇಟ್ಟೇವಿ:

1. ಪ್ರತಿ ಹೆಸರಿಗೆ ‘ಸ್ಟ್ರಿಪ್’.
2. ಯಾರ ಪಟ್ಟಿ ಖಾಲಿ ಇದ್ದರೂ ಅವರ ಹೆಸರು ಹೇಳಿ ಅಲ್ಲೇ ನಿಲ್ಲೋದು.
3. ಎಲ್ಲರ ಚೀಲ ಕೂಡಿಸಿ ಶೀಟಿನ ಒಟ್ಟಿಗೆ ತಾಳೆ ನೋಡೋದು. ಹೊಂದದಿದ್ದರ ಚೀಟಿ ಇಲ್ಲ. ಅರ್ಧ ಚೀಲಕ್ಕ ಮಾತ್ರ ಸ್ಪೇಸ್ ಬಿದ್ದಿದ್ದರ ಎರಡನೇ ಕಾವಲು ಹಿಡಿಯಂಗಿಲ್ಲ, ಇದು ಹಿಡಿಯತೈತಿ.

ಪ್ರೋಗ್ರಾಂ ಇಲ್ಲದೆ ವಹಿಯಾಗ ಬರೆಯೋರೂ ಮೂರನೇದನ್ನು ಬಿಡಬ್ಯಾಡ್ರಿ. ಲಾರಿ ಏರಿದ ಚೀಲ ಎಷ್ಟು, ಚೀಟಿಗೆ ಬಂದದ್ದು ಎಷ್ಟು, ಇವೆರಡು ಹೊಂದೋ ತನಕ ಹಣ ಹಂಚಬ್ಯಾಡ್ರಿ. ಈ ಪ್ರೋಗ್ರಾಂ ಬೇಕಾದವರು ಕೇಳ್ರಿ, ಕಳಿಸತೀನಿ.