ಸೋಣಕ್ಕೆ ಮುಂಚೆ ಬಂದ ನೆಂಟರು

ರಜೆ ಪತ್ತೆ ಮಾಡುವುದರಲ್ಲಿ ಬ್ಯಾಂಕಿನವರನ್ನು ಮೀರಿಸಿದವರಿಲ್ಲ. ನಿವೃತ್ತರಾದರೂ ಆ ಕಣ್ಣಿಗೆ ಪೊರೆ ಬರುವುದಿಲ್ಲ. 2025ರ ಕ್ಯಾಲೆಂಡರು ಗೋಡೆಗೇರಿದ ವಾರವೇ ಕಾರ್ಕಳದಿಂದ ಮಾವನ ಫೋನು: ಆಗಸ್ಟ್ 15 ಶುಕ್ರವಾರ, ಮರುದಿನ ನಿಮ್ಮಲ್ಲಿ ಜನ್ಮಾಷ್ಟಮಿ, ಆಮೇಲೆ ಭಾನುವಾರ, ಹೊರಟೆವು ಅಂತಲೇ ಇಟ್ಟುಕೋ. ಮಾವ, ಅತ್ತೆ ಉಡುಪಿಯಲ್ಲಿ ಓಖಾ ರೈಲು ಹತ್ತುವುದು, ಮಗನ ಸಂಸಾರ ಮುಂಬೈಯಿಂದ ಬಂದು ಸೇರುವುದು ಎಂದು ತೀರ್ಮಾನವಾಯಿತು. ನಮ್ಮನ್ನು ಕೇಳುವ ಪ್ರಶ್ನೆಯೇ ಇರಲಿಲ್ಲ. ವಡೋದರಾ ಸ್ಟೇಷನ್ನಿನ ಪಶ್ಚಿಮದ ಬಾಗಿಲಲ್ಲಿ ಹೊರಬಿದ್ದರೆ ಆಲ್ಕಾಪುರಿ. ಸ್ಟೇಷನ್ನಿನ ಬಗಲಲ್ಲಿ ಮನೆ ಮಾಡಿದವರು ನೆಂಟರ ವಿಷಯದಲ್ಲಿ ಅಭಿಪ್ರಾಯ ಇಟ್ಟುಕೊಳ್ಳಬಾರದು.

ಬಂದ ದಿನ ಶೀತಳಾ ಸಾತಮ್. ಗುಜರಾತಿಗಳು ಹಿಂದಿನ ದಿನವೇ ಥೇಪ್ಲಾ, ಪೂರಿ ಎಲ್ಲ ಮಾಡಿಟ್ಟು, ಅಂದು ಒಲೆ ಹಚ್ಚದೆ ತಂಗಳು ತಿನ್ನುವ ಹಬ್ಬ. ಕೇರಿಯ ಒಲೆಗಳೆಲ್ಲ ತಣ್ಣಗಿರುವಾಗ ನಮ್ಮ ಅಡುಗೆಮನೆಯಲ್ಲಿ ಮಾತ್ರ ನೀರುದೋಸೆಯ ಕಾವಲಿ ಚುಂಯ್ ಎನ್ನುತ್ತಿತ್ತು. ಪಕ್ಕದ ಮನೆಯ ಬೆನ್ ಥೇಪ್ಲಾದ ತಟ್ಟೆ ಹಿಡಿದು ಬಂದವರು ಆ ಸದ್ದು ಕೇಳಿಯೂ ಕೇಳದವರ ಹಾಗೆ ನಕ್ಕರು. ನಾಳೆ ಅಷ್ಟಮಿ, ಉಪವಾಸ ಇದ್ದೀರಾ ಎಂದು ಅತ್ತೆಯನ್ನು ಕೇಳಿದರು. ಅತ್ತೆ ನನ್ನ ಕಡೆ ತಿರುಗಿ, "ಸೋಣ ಹುಟ್ಟದೆ ಎಂಥ ಅಷ್ಟಮಿ ಮಾರಾಯ್ತಿ?" ಎಂದರು. ಉಡುಪಿಯದು ಸೌರ ಲೆಕ್ಕ. ಸೂರ್ಯ ಸಿಂಹಕ್ಕೆ ಬಂದರೆ ಸೋಣ ತಿಂಗಳು, ಅದಕ್ಕೆ ಇನ್ನೂ ಒಂದು ದಿನ ಇತ್ತು. ಅಲ್ಲಿ ಅಷ್ಟಮಿ ಸೆಪ್ಟೆಂಬರಿಗೆ. ಇದನ್ನೆಲ್ಲ ನನ್ನ ಹರಕು ಗುಜರಾತಿಯಲ್ಲಿ ಬಿಡಿಸಿ ಹೇಳಿದೆ. ಕೃಷ್ಣ ದ್ವಾರಕೆಯವನು, ಅವನ ಹುಟ್ಟುಹಬ್ಬ ನಮಗೆ ಗೊತ್ತಿಲ್ಲವೇ ಎಂಬಂತೆ ಅವರು ನೋಡಿದರು. ಅತ್ತೆಯ ಮುಖದಲ್ಲೂ ಉಡುಪಿಯ ಪರವಾಗಿ ಅದೇ ನೋಟ.

ಮಾವನಿಗೆ ನೋಡಬೇಕಿದ್ದದ್ದು ಅರಮನೆಯಲ್ಲ, ಬೆಟ್ಟವಲ್ಲ. ನಮ್ಮ ಮನೆಯಿಂದ ನಡೆದುಹೋಗುವಷ್ಟು ದೂರದ ಬರೋಡಾ ಭವನ, ಬ್ಯಾಂಕ್ ಆಫ್ ಬರೋಡಾದ ಪ್ರಧಾನ ಕಚೇರಿ. ಮಾವ ವಿಜಯಾ ಬ್ಯಾಂಕಿನವರು. 1931ರಲ್ಲಿ ಅತ್ತಾವರ ಬಾಲಕೃಷ್ಣ ಶೆಟ್ಟರು ಮಂಗಳೂರಿನಲ್ಲಿ ರೈತರ ಕೈಗೆ ನಾಲ್ಕು ಕಾಸು ಸಿಗಲಿ ಎಂದು ಕಟ್ಟಿದ ಬ್ಯಾಂಕು ಅದು. 2019ರ ಏಪ್ರಿಲ್ 1ರಂದು ದೇನಾ ಬ್ಯಾಂಕಿನ ಜೊತೆ ಬರೋಡಾದಲ್ಲಿ ಲೀನವಾಯಿತು. ಮರುವರ್ಷ ಕಾರ್ಪೊರೇಷನ್ ಬ್ಯಾಂಕು ಯೂನಿಯನ್ನಿಗೆ, ಸಿಂಡಿಕೇಟು ಕೆನರಾಕ್ಕೆ ಸೇರಿದವು. ಬ್ಯಾಂಕುಗಳ ಜಿಲ್ಲೆ ಎಂದು ಬೀಗುತ್ತಿದ್ದ ನಮ್ಮ ಕಡೆಯವರಿಗೆ ಆ ಎರಡು ವರ್ಷ ಸೂತಕದಂತೆಯೇ ಕಳೆದವು.

ಆ ಮೂರು ದಿನವೂ ಬ್ಯಾಂಕಿಗೆ ರಜೆ ಎಂದು ಮಾವನಿಗೆ ಚೆನ್ನಾಗಿ ಗೊತ್ತು. ಆ ಲೆಕ್ಕ ಹಾಕಿಯೇ ಹೊರಟವರು. ಆದರೂ ಶುಕ್ರವಾರ ಸಂಜೆ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಮಗಳನ್ನು ಕೊಟ್ಟ ಮನೆ ನೋಡಲು ಬಂದ ಬೀಗರ ಗತ್ತಿನಲ್ಲಿ ಗೇಟಿನ ಮುಂದೆ ನಿಂತರು. ಕಾವಲುಗಾರನಿಗೆ ಹಿಂದಿಯಲ್ಲಿ, "ನಾನೂ ಇದೇ ಬ್ಯಾಂಕಿನವನು" ಎಂದರು. ಅವನು ಸಲಾಮು ಹೊಡೆದ. ಮಾವ ಕಟ್ಟಡವನ್ನು ಮೇಲಿಂದ ಕೆಳಗೆ ನೋಡಿ, ಸಯಾಜಿರಾವ್ ಮಹಾರಾಜರು 1908ರಲ್ಲಿ ಇದನ್ನು ಶುರು ಮಾಡಿದ್ದು, ಹಾಗಾಗಿ ವಯಸ್ಸಿನಲ್ಲಿ ಹಿರಿಯದೇ, ಹೋಗಲಿ ಎಂದು ಒಪ್ಪಿಕೊಂಡರು. ಆಮೇಲೆ ಕೇಸರಿ ಬಣ್ಣದ ಸೂರ್ಯನ ಲಾಂಛನ ಕಂಡಿತು. "2005ರಲ್ಲಿ ಇದನ್ನು ತಂದಾಗ ಜಾಹೀರಾತಿಗೆ ನಿಂತವನು ನಮ್ಮ ದ್ರಾವಿಡ್. ಅವನು ಮೊದಲೇ ಬಂದು ವಿಕೆಟ್ ನೋಡಿಕೊಂಡು ಹೋಗಿದ್ದ. ನಾವು ಹದಿನಾಲ್ಕು ವರ್ಷ ತಡ."

ನೆಂಟರಿಗೆ ಊರು ತೋರಿಸುವವರ ಪಟ್ಟಿಯಲ್ಲಿ ಒಳಗೊಳಗೆ ಒಂದು ಜಂಭ ಇರುತ್ತದೆ, ಇವೆಲ್ಲ ನಮ್ಮದು ನೋಡಿ ಅನ್ನುವ ಜಂಭ. ನೆಂಟರು ಅದಕ್ಕೆ ಸೊಪ್ಪು ಹಾಕುವುದಿಲ್ಲ. ಅಷ್ಟು ದೂರದಿಂದ ಬಂದು ತಮ್ಮ ಊರಿನದೇ ಏನಾದರೂ ಇಲ್ಲಿ ಬಿದ್ದಿದೆಯೇ ಎಂದು ಹುಡುಕುತ್ತಾರೆ. ಇದನ್ನು ಕೂಪಮಂಡೂಕತನ ಎನ್ನುವವರಿದ್ದಾರೆ. ನಾನು ಆ ಪಂಗಡದವಳಲ್ಲ. ಕೈಯಲ್ಲಿ ಅಳತೆಗೋಲಿಲ್ಲದೆ ಹೊಸ ಊರಿನ ಉದ್ದಗಲ ತಿಳಿಯುವುದು ಹೇಗೆ?

ಶನಿವಾರ ಕೆವಡಿಯಾದಲ್ಲಿ ಅತ್ತೆ ಆ ಅಳತೆಗೋಲನ್ನು ಹೊರತೆಗೆದರು. ಸರ್ದಾರ್ ಪಟೇಲರ ಪ್ರತಿಮೆ 182 ಮೀಟರು, ಗುಜರಾತ್ ವಿಧಾನಸಭೆಯಲ್ಲಿರುವ ಸೀಟುಗಳಷ್ಟು. ಅತ್ತೆಯ ಮಗ ಉತ್ಸಾಹದಿಂದ ವಿವರಿಸುತ್ತಿದ್ದ. ಅತ್ತೆ ಕೇಳಿದ್ದು ಒಂದೇ ಪ್ರಶ್ನೆ: ಜೋಡಿಸಿದ್ದಾ, ಕಡೆದದ್ದಾ? ಒಳಗೆ ಕಾಂಕ್ರೀಟು, ಮೇಲೆ ಕಂಚಿನ ಹೊದಿಕೆ ಎಂದು ತಿಳಿದ ಮೇಲೆ ಅವರ ಮುಖ ನಿರಾಳವಾಯಿತು. ಕಾರ್ಕಳದ ಗೊಮ್ಮಟ ಬರೀ 42 ಅಡಿ ಇರಬಹುದು, ಆದರೆ 1432ರಿಂದ ಒಂದೇ ಕಲ್ಲಿನಲ್ಲಿ ನಿಂತಿದ್ದಾನೆ. ಪಟೇಲರ ಎದೆಯ ಮಟ್ಟಕ್ಕೆ ಲಿಫ್ಟಿನಲ್ಲಿ ಹೋಗಿ ನರ್ಮದೆಯನ್ನೂ ಅಣೆಕಟ್ಟನ್ನೂ ನೋಡಿದ ಮೇಲೆ ಮಾತ್ರ, ಗೊಮ್ಮಟನೊಳಗೆ ಲಿಫ್ಟಿಲ್ಲ ಎಂದು ತಾವಾಗಿಯೇ ರಿಯಾಯಿತಿ ತೋರಿದರು.

ಲಕ್ಷ್ಮೀವಿಲಾಸ ಅರಮನೆಗೆ ಮೈಸೂರಿನಷ್ಟು ದೀಪವಿಲ್ಲ ಎಂಬ ಷರಾ ಬಿತ್ತು. ಗುಜರಾತು 1960ರಿಂದಲೂ ಪಾನನಿಷೇಧದ ರಾಜ್ಯ ಎನ್ನುವುದು ಅತ್ತೆಯ ಮಗನಿಗೆ ಇಲ್ಲಿಗೆ ಬಂದ ಮೇಲೆ ನೆನಪಾಯಿತು, ಪಾಪ. ಭಾನುವಾರ ಬೆಳಿಗ್ಗೆ ಫಾಫ್ಡಾ, ಜಲೇಬಿ ತಿಂದು ಪಾವಾಗಢಕ್ಕೆ ಹೋದೆವು. ರೋಪ್‌ವೇ ಇಳಿದ ಮೇಲೂ ಕಾಳಿಕಾ ಮಾತೆಯ ಗುಡಿಗೆ ಮೆಟ್ಟಿಲು ಹತ್ತಬೇಕು ಎಂದು ತಿಳಿದ ಮಾವ ಕೆಳಗೇ ಕುಳಿತರು. ಹಿಂತಿರುಗುವಾಗ ಚಾಂಪಾನೇರಿನ ಜಾಮಿ ಮಸೀದಿಯಲ್ಲಿ ಸೊಸೆ ಕಂಬದಿಂದ ಕಂಬಕ್ಕೆ ತಿರುಗುತ್ತ ಹೊರಬರಲು ಒಪ್ಪಲಿಲ್ಲ. ಮಹಮೂದ್ ಬೇಗಡಾ 1484ರಲ್ಲಿ ಗೆದ್ದು ರಾಜಧಾನಿ ಮಾಡಿಕೊಂಡ ಊರು. ಹುಮಾಯೂನ್ 1535ರಲ್ಲಿ ಹಿಡಿದ ಮೇಲೆ ಬಿಕೋ ಎಂದಿತು. ಆ ಮೂರು ದಿನದಲ್ಲಿ ಯಾವುದಕ್ಕೂ ಹೋಲಿಸದೆ ಏನನ್ನಾದರೂ ನೋಡಿದವಳು ಅವಳೊಬ್ಬಳೇ.

ಪಾವಾಗಢದಲ್ಲಿ ಹುಟ್ಟುವ ವಿಶ್ವಾಮಿತ್ರಿ ನದಿ ವಡೋದರಾದ ನಡುವೆಯೇ ಹರಿಯುತ್ತದೆ, ಮೊಸಳೆಗಳ ಸಮೇತ. 2024ರ ನೆರೆಯಲ್ಲಿ ಅವು ಬೀದಿಗೇ ಬಂದಿದ್ದವು. ಸಂಜೆ ಸಯಾಜಿಬಾಗಿನ ಹತ್ತಿರದ ಸೇತುವೆಯಲ್ಲಿ ರಿಕ್ಷಾ ನಿಲ್ಲಿಸಿದೆವು. ಕೆಸರಿನ ದಂಡೆಯಲ್ಲಿ ಒಂದು ಬಿದ್ದಿತ್ತು. ಮರದ ತುಂಡು ಎಂದರು ಮಾವ. ತುಂಡು ಬಾಯಿ ತೆರೆಯಿತು. ಅತ್ತೆ ತಟ್ಟನೆ ಕೈಮುಗಿದರು. ಅವರು ಬಲ್ಲ ಮೊಸಳೆ ಕುಂಬಳೆಯ ಹತ್ತಿರ ಅನಂತಪುರದ ದೇವಸ್ಥಾನದ ಕೆರೆಯಲ್ಲಿದ್ದ ಬಬಿಯಾ, 2022ರಲ್ಲಿ ತೀರಿಕೊಳ್ಳುವವರೆಗೆ ನೈವೇದ್ಯದ ಅನ್ನ ತಿಂದ ಸಾಧು.

"ಇದಕ್ಕೆ ಯಾರು ಅನ್ನ ಹಾಕುವುದು ಅಂತ ಕೇಳು" ಎಂದರು ಅತ್ತೆ.

ನಾನು ರಿಕ್ಷಾದವನನ್ನು ಕೇಳಿದೆ. ಯಾರೂ ಹಾಕುವುದಿಲ್ಲ, ನಾಯಿ, ಹಂದಿ, ಸಿಕ್ಕಿದ್ದನ್ನು ಅದೇ ಹಿಡಿದುಕೊಳ್ಳುತ್ತದೆ ಎಂದ.

ಅತ್ತೆ ಮುಗಿದ ಕೈ ಬಿಡಿಸಿ ಮೊಮ್ಮಗನ ಕಾಲರು ಹಿಡಿದುಕೊಂಡರು.