ಉಕ್ಕಿನಲ್ಲಿ ಅರಳಿದ ಲವಂಗದ ಮೊಗ್ಗು

ಜಪಾನಿನ ಪಶ್ಚಿಮ ಭಾಗದ ಒಕಯಾಮ ನಗರದಿಂದ ಲೋಕಲ್ ರೈಲು ಹತ್ತಿದರೆ ಸುಮಾರು ಅರ್ಧ ಗಂಟೆಯಲ್ಲಿ ಒಸಾಫುನೆ ಎಂಬ ಪುಟ್ಟ ನಿಲ್ದಾಣ ಸಿಗುತ್ತದೆ. ಸುತ್ತ ಭತ್ತದ ಗದ್ದೆಗಳು, ಸಮೀಪದಲ್ಲೇ ಯೊಶಿಯಿ ನದಿ. ಮೇಲ್ನೋಟಕ್ಕೆ ಸಾಧಾರಣ ಊರು. ಆದರೆ ಹಿಂದೆ ಬಿಜೆನ್ ಎನಿಸಿಕೊಂಡಿದ್ದ ಈ ಸೀಮೆ ಕತ್ತಿಗಳ ತವರುಮನೆ. ಜಪಾನ್ ಸರಕಾರ ರಾಷ್ಟ್ರೀಯ ನಿಧಿಯೆಂದು ಸಾರಿರುವ ಕತ್ತಿಗಳಲ್ಲಿ ಅರ್ಧಕ್ಕೆ ಹತ್ತಿರದಷ್ಟು ಬಿಜೆನ್ ಕಮ್ಮಾರರ ಕೈಯಿಂದ ಬಂದವು.

ಇದಕ್ಕೆ ಕಾರಣ ನದಿ. ಉತ್ತರದ ಬೆಟ್ಟಗಳಲ್ಲಿ ಕಬ್ಬಿಣದ ಕಪ್ಪು ಮರಳು ಸಿಗುತ್ತಿತ್ತು, ಇದ್ದಿಲಿಗೆ ಕಾಡಿತ್ತು, ಸಾಗಿಸಲು ಹೊಳೆಯಿತ್ತು, ದಡದಲ್ಲಿ ದೊಡ್ಡ ಸಂತೆ ಕೂಡುತ್ತಿತ್ತು. ಸಾಕಿ ಬೆಳೆಸಿದ ಆ ನದಿಯೇ 16ನೇ ಶತಮಾನದ ಕೊನೆಯಲ್ಲಿ ಪ್ರವಾಹವಾಗಿ ಬಂದು ಕಮ್ಮಾರರ ಕೇರಿಯನ್ನು ಕೊಚ್ಚಿಕೊಂಡು ಹೋಯಿತು.

ಊರಿನ ಕತ್ತಿ ಸಂಗ್ರಹಾಲಯಕ್ಕೆ ರತ್ನದ ಹಿಡಿ, ಚಿನ್ನದ ಒರೆ ಹುಡುಕಿಕೊಂಡು ಬಂದವರಿಗೆ ಮೊದಲು ನಿರಾಸೆಯೇ. ಗಾಜಿನ ಹಿಂದೆ ಇರುವುದು ಹಿಡಿ ಕಳಚಿಟ್ಟ ಬರಿಯ ಅಲಗು. ಬಲ್ಲವರು ಅದರ ಮುಂದೆ ಬಗ್ಗಿ, ಮೊಣಕಾಲು ಮಡಿಸಿ, ದೀಪದ ಬೆಳಕು ಉಕ್ಕಿನ ಮೇಲೆ ಹರಿಯುವಂತೆ ತಲೆಯನ್ನು ಅತ್ತಿತ್ತ ಆಡಿಸುತ್ತಾರೆ. ಹಾಗೆ ನೋಡಿದರೆ ಮಾತ್ರ ಕತ್ತಿ ಮಾತಾಡುತ್ತದೆ.

ಮೊದಲು ಆಕಾರ. ಬಾಯಿ ಕೆಳಗೆ ಮಾಡಿ ಇಟ್ಟಿದ್ದರೆ ಅದು 'ತಾಚಿ', ಕುದುರೆ ಸವಾರ ಸೊಂಟದಿಂದ ತೂಗುಬಿಡುತ್ತಿದ್ದ ಹಳೆಯ ಕತ್ತಿ. ಬಾಯಿ ಮೇಲಿದ್ದರೆ 'ಕತಾನಾ', ಸೊಂಟಪಟ್ಟಿಗೆ ಸಿಕ್ಕಿಸಿಕೊಳ್ಳುತ್ತಿದ್ದುದು.

ಆಮೇಲೆ ಉಕ್ಕಿನ ಮೈ. ಕಮ್ಮಾರ ಕಾದ ಉಕ್ಕನ್ನು ಬಡಿದು, ಮಡಿಸಿ, ಮತ್ತೆ ಬಡಿಯುತ್ತಾನೆ. ಹತ್ತು ಸಲ ಮಡಿಸಿದರೆ 1,024 ಪದರ! ಕಲ್ಮಶ ಕಳೆದು ಉಕ್ಕು ಒಂದೇ ಹದಕ್ಕೆ ಬರುತ್ತದೆ. ಚಿರೋಟಿಯ ಪದರಗಳನ್ನು ಎಣಿಸಬಹುದು, ಇವನ್ನು ಎಣಿಸಲಾಗದು. ಹಲಗೆಯ ಮೇಲಿನ ಮರದ ಎಳೆಗಳಂತೆ ನವಿರಾಗಿ ಕಾಣುತ್ತವೆ, ಅಷ್ಟೇ.

ಮೂರನೆಯದು ಬಾಯಿಯುದ್ದಕ್ಕೂ ಹರಿಯುವ ಬಿಳಿಯ ಅಂಚು, 'ಹಾಮೊನ್'. ಇದು ಕೆತ್ತನೆಯಲ್ಲ, ಬಣ್ಣವೂ ಅಲ್ಲ. ಕಮ್ಮಾರ ಅಲಗಿಗೆ ಜೇಡಿಮಣ್ಣು ಬಳಿಯುತ್ತಾನೆ, ಬೆನ್ನಿಗೆ ದಪ್ಪ, ಬಾಯಿಗೆ ತೆಳು. ಕುಲುಮೆಯ ಮನೆಯನ್ನು ಕತ್ತಲು ಮಾಡಿ, ಕೆಂಪಿನ ಬಣ್ಣ ನೋಡಿಯೇ ಶಾಖ ಅಳೆದು, ಒಮ್ಮೆಲೇ ನೀರಿಗೆ ಅದ್ದುತ್ತಾನೆ. ತೆಳು ಮಣ್ಣಿನ ಬಾಯಿ ಥಟ್ಟನೆ ತಣಿದು ಗಡುಸಾಗುತ್ತದೆ. ಬೆನ್ನು ನಿಧಾನವಾಗಿ ತಣಿದು ಪೆಟ್ಟು ತಾಳುವ ಗುಣ ಉಳಿಸಿಕೊಳ್ಳುತ್ತದೆ. ಗಡುಸಾದ ಭಾಗ ಹಿಗ್ಗುವುದರಿಂದ ಕತ್ತಿಯ ಬಾಗು ಹೆಚ್ಚುತ್ತದೆ. ಶಾಖ ತುಸು ತಪ್ಪಿದರೂ ಬಿರುಕು ಬಿಟ್ಟು ಅಷ್ಟು ದಿನಗಳ ದುಡಿಮೆ ನೀರುಪಾಲು. ಬಿಜೆನ್ ಕಮ್ಮಾರರು ಈ ಅಂಚಿನಲ್ಲಿ ಸಾಲು ಸಾಲಾಗಿ ಲವಂಗದ ಮೊಗ್ಗುಗಳನ್ನು ಅರಳಿಸಿದ್ದರು. ಅದೇ ಅವರ ಗುರುತು.

ಕೊನೆಗೆ ಹಿಡಿಯೊಳಗೆ ಅಡಗುವ ಬಾಲ. ಅದರ ತುಕ್ಕನ್ನು ಯಾರೂ ಉಜ್ಜುವುದಿಲ್ಲ. ಕತ್ತಿಯ ವಯಸ್ಸು ಹೇಳುವುದು ಆ ಕಪ್ಪು ತುಕ್ಕೇ. ಕಮ್ಮಾರನ ಹೆಸರು ಇದ್ದರೆ ಇರುವುದೂ ಅಲ್ಲೇ.

ಸಂಗ್ರಹಾಲಯದ ಹೆಮ್ಮೆಯ ಕತ್ತಿ 'ಸಾನ್‌ಚೋಮೊ'ದಲ್ಲಿ ಅಂಥ ಹೆಸರಿಲ್ಲ. 13ನೇ ಶತಮಾನದಲ್ಲಿ ಇದೇ ಸೀಮೆಯಲ್ಲಿ ಹುಟ್ಟಿ, ಮುಂದೆ ಉಎಸುಗಿ ಕೆನ್‌ಶಿನ್ ಎಂಬ ಪ್ರಸಿದ್ಧ ಸೇನಾನಿಯ ಪಾಲಾದ ತಾಚಿ ಇದು. ಕಾಲಾಂತರದಲ್ಲಿ ಖಾಸಗಿ ಸಂಗ್ರಹ ಸೇರಿತ್ತು. ಅದು ಮಾರಾಟಕ್ಕಿದೆ ಎಂದಾಗ, ನಲವತ್ತು ಸಾವಿರ ಜನರೂ ಇಲ್ಲದ ಸೆತೊಉಚಿ ಎಂಬ ಪುಟ್ಟ ನಗರಸಭೆ ದೇಶದ ಮುಂದೆ ಜೋಳಿಗೆ ಹಿಡಿಯಿತು. ಒಸಾಫುನೆ ಸೇರಿರುವುದು ಈ ನಗರಕ್ಕೇ. ದೇಣಿಗೆ ಹರಿದುಬಂತು. 2020ರಲ್ಲಿ 50 ಕೋಟಿ ಯೆನ್ ತೆತ್ತು ಕತ್ತಿಯನ್ನು ಹುಟ್ಟೂರಿಗೆ ತಂದರು.

ಕೊಲ್ಲಲೆಂದು ಮಾಡಿದ ಆಯುಧಕ್ಕೆ ಇಷ್ಟೊಂದು ಆದರವೇ ಎಂದು ಮಕ್ಕಳು ಕೇಳಿದರೆ ಆ ಪ್ರಶ್ನೆ ಸರಿಯಾದುದೇ. ಜಪಾನ್ ಕೂಡ ಅದನ್ನು ಎದುರಿಸಬೇಕಾಯಿತು. 1876ರಲ್ಲಿ ಕತ್ತಿ ಧರಿಸಿ ತಿರುಗುವುದಕ್ಕೆ ನಿಷೇಧ ಬಂತು. 1945ರ ಸೋಲಿನ ಬಳಿಕ ಗೆದ್ದ ಸೇನೆ ಅಸಂಖ್ಯ ಕತ್ತಿಗಳನ್ನು ವಶಪಡಿಸಿಕೊಂಡಿತು. ಕಲಾಕೃತಿ ಎನಿಸಿದವಕ್ಕೆ ಮಾತ್ರ ವಿನಾಯಿತಿ ದೊರೆಯಿತು. ಇಂದು ಅಲ್ಲಿ ಹಳೆಯ ಕತ್ತಿಗೆ ನೋಂದಣಿ ಪತ್ರ ಕೊಡುವುದು ಪ್ರಾಂತದ ಶಿಕ್ಷಣ ಮಂಡಳಿ!

ಹೊಸ ಕತ್ತಿ ಮಾಡುವವರಿಗೂ ನಿಯಮ ಬಿಗಿ. ಪರವಾನಗಿ ಪಡೆದ ಗುರುವಿನ ಬಳಿ ಕನಿಷ್ಠ ಐದು ವರ್ಷ ಕಲಿಯಬೇಕು. ಪರವಾನಗಿ ಸಿಕ್ಕ ಮೇಲೂ ತಿಂಗಳಿಗೆ ಎರಡಕ್ಕಿಂತ ಹೆಚ್ಚು ಉದ್ದ ಕತ್ತಿ ಮಾಡುವಂತಿಲ್ಲ. ಹೊಟ್ಟೆಪಾಡಿಗೆ ಇದು ಸುಲಭದ ದಾರಿಯಲ್ಲ. ಆದರೂ ಸಂಗ್ರಹಾಲಯದ ಪಕ್ಕದ ಕಾರ್ಯಾಗಾರದಲ್ಲಿ ಸುತ್ತಿಗೆಯ ಸದ್ದು ನಿಂತಿಲ್ಲ. ಒಬ್ಬರು ಉಕ್ಕು ಬಡಿಯುತ್ತಾರೆ, ಒಬ್ಬರು ನುಣುಪಿನ ಕಲ್ಲುಗಳನ್ನು ಒಂದಾದ ಮೇಲೊಂದು ಬದಲಿಸುತ್ತ ಸಾಣೆ ಹಿಡಿಯುತ್ತಾರೆ, ಇನ್ನೊಬ್ಬರು ಮೆತ್ತನೆಯ ಮರದಲ್ಲಿ ಒರೆ ಕೊರೆಯುತ್ತಾರೆ. ಒಬ್ಬನೇ ಪೂರ್ಣ ಮಾಡುವ ಕೆಲಸ ಇದಲ್ಲ.

ಒಸಾಫುನೆಗೆ ಹೋದವರು ಗಾಜಿನೊಳಗಿನ ಕತ್ತಿಗೆ ಕೊಟ್ಟಷ್ಟೇ ಹೊತ್ತನ್ನು ಈ ಕಾರ್ಯಾಗಾರಕ್ಕೂ ಕೊಡಬೇಕು. ಏಳುನೂರು ವರ್ಷ ಕತ್ತಿಯನ್ನು ಕಾಪಾಡುವುದು ಎಣ್ಣೆ ಮತ್ತು ಒರೆ. ಅದನ್ನು ಮಾಡುವ ವಿದ್ಯೆಯನ್ನು ಕಾಪಾಡುವವನು ಐದು ವರ್ಷ ಕುಲುಮೆಯ ಮುಂದೆ ಕೂರಲು ಒಪ್ಪುವ ಶಿಷ್ಯನೊಬ್ಬನೇ.